ತಂತಿಯಿಲ್ಲದ ಶ್ರುತಿಪೆಟ್ಟಿಗೆ

ಕಳೆದ ತಿಂಗಳು ನೆಂಟರ ಗೃಹಪ್ರವೇಶಕ್ಕೆಂದು ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ದಾಟುತ್ತಿದ್ದ ಹಾಗೆ ಹೊಗೆಸೊಪ್ಪು ಬೇಯಿಸುವ ವಾಸನೆ ಕಿಟಕಿಯಿಂದ ಒಳಕ್ಕೆ ನುಗ್ಗಿತು. ಬೆಲ್ಲ ಸೀದ ಹಾಗೆ, ಒದ್ದೆ ಹುಲ್ಲಿಗೆ ಬೆಂಕಿ ತಾಗಿದ ಹಾಗೆ, ಗಂಟಲಿಗೆ ಅಂಟಿಕೊಳ್ಳುವ ವಾಸನೆ ಅದು. ಆ ಸೀಮೆಯವರಿಗೆ ಅದು ಬೆಳೆ ಕೈಗೆ ಬರುವ ಕಾಲದ ವಾಸನೆ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಮಗಳು, "ಯಾಕಮ್ಮ, ವಾಂತಿ ಬರೋ ಹಾಗಾಗ್ತಿದ್ಯಾ?" ಅಂದಳು. ಇಲ್ಲ ಎಂದು ತಲೆಯಾಡಿಸಿ ಕಿಟಕಿ ಮುಚ್ಚಿದೆ. ಅವಳಿಗೆ ಆಗ ಹೇಳಲಾಗಲಿಲ್ಲ. ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಇದೇ ರಸ್ತೆಯಲ್ಲಿ, ಇದೇ ವಾಸನೆಯಲ್ಲಿ, ಒಬ್ಬ ಮನುಷ್ಯ ನನ್ನಿಂದ ಸತ್ತುಹೋದನೇನೋ ಎಂದುಕೊಂಡು ನಾನು ಪ್ರಯಾಣ ಮಾಡಿದ್ದೆ.

ಆಗ ನಾನು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಎಂಜಿನಿಯರ್ ಆಗಿದ್ದೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ತೆಂಗು, ರಾಗಿ ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಓದಿ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಓಡಾಡುತ್ತಿದ್ದೆ. ಶೆಡ್ಡಿನ ಯಜಮಾನರು ಜವರೇಗೌಡರು, ಹೊಳೆನರಸೀಪುರದ ಕಡೆಯವರು. ರೇಡಿಯೋ ರಿಪೇರಿಯಿಂದ ಶುರುಮಾಡಿ, ಎಮರ್ಜೆನ್ಸಿ ಲ್ಯಾಂಪು ಮಾಡಿ, ಕೊನೆಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ತಯಾರಿಕೆಗೆ ಬಂದು ನಿಂತವರು. ತಂಬೂರಿಯ ಬದಲು ಹಾಡುಗಾರರು ಪಕ್ಕದಲ್ಲಿಟ್ಟುಕೊಳ್ಳುತ್ತಾರಲ್ಲ, ಸದಾ ಗುಂಯ್ ಎನ್ನುತ್ತಿರುವ ಪೆಟ್ಟಿಗೆ, ಅದು. ಗೌಡರಿಗೆ ಸ್ವರಜ್ಞಾನ ಒಂದಿಷ್ಟೂ ಇರಲಿಲ್ಲ. ಆದರೆ ಪೆಟ್ಟಿಗೆ ಚೆನ್ನಾಗಿ ಮಾರಾಟವಾಗುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಒಂದು ಹುಚ್ಚು ಹಿಡಿಯಿತು. ಎಲ್ಲೋ ಒಂದು ವಸ್ತುಪ್ರದರ್ಶನಕ್ಕೆ ಹೋಗಿ ಬಂದವರು ಬ್ಯಾಗನ್ನು ಕೆಳಗಿಡುವ ಮೊದಲೇ ನನ್ನನ್ನು ಕರೆದರು.

"ಏಮಮ್ಮ, ತಂತಿ ಇಲ್ದಂಗೆ ಚಾರ್ಜ್ ಮಾಡ್ಬೋದಂತೆ ಕಣಮ್ಮ! ಗೋಡೆ ಮ್ಯಾಲೆ ಒಂದು ಡಬ್ಬ. ಅದು ರೇಡಿಯೋ ಅಲೆ ಬುಡ್ತದೆ. ನಮ್ ಪೆಟ್ಗೆ ಅದುನ್ನ ಈರ್ಕಂಡು ಬ್ಯಾಟ್ರಿ ತುಂಬಿಸ್ಕತದೆ. ಮಾಡಕಾಯ್ತದಾ, ಇಲ್ವಾ? ಅಷ್ಟ್ ಯೋಳ್ಬುಡು."

ನನ್ನ ಹೆಸರು ಹೇಮಾ. ಅವರ ಬಾಯಲ್ಲಿ ನಾನು ಯಾವಾಗಲೂ ಏಮಮ್ಮನೇ. ಆಗುತ್ತದೆ ಸಾರ್, ಆದರೆ ಬಹಳ ಕಡಿಮೆ ಸಿಗುತ್ತದೆ ಎಂದೆ. ಊರಿಗೆಲ್ಲ ಸುರಿಯುವ ಮಳೆಗೆ ಅಂಗಳದಲ್ಲಿ ಒಂದು ಲೋಟ ಇಟ್ಟ ಹಾಗೆ. ಡಬ್ಬ ನಾಲ್ಕೂ ಕಡೆ ಅಲೆ ಚೆಲ್ಲುತ್ತದೆ, ಪೆಟ್ಟಿಗೆಯ ಪಾಲಿಗೆ ಬರುವುದು ಕೆಲವೇ ಹನಿ. ಇಡೀ ದಿನ ಇಟ್ಟರೆ ಸ್ವಲ್ಪ ಹೊತ್ತು ಹಾಡೀತು. ಗೌಡರು, "ಲೋಟ ತುಂಬಿದ್ರೆ ಸಾಕು ಬುಡು," ಎಂದು ಅವತ್ತೇ ಸಾಮಾನಿಗೆ ಬರೆದರು.

ಆ ಕೆಲಸ ನನಗೆ ಇಷ್ಟವಾಗಿತ್ತು, ಸುಳ್ಳು ಹೇಳಬಾರದು. ನಮ್ಮ ಹಳೆಯ ಪೆಟ್ಟಿಗೆ ತಗಡಿನದು. ತಗಡು ಅಲೆಯನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ಕಿಗೆ ಬದಲಾಯಿಸಬೇಕಾಯಿತು. ಅಲೆ ಹಿಡಿಯುವ ತಾಮ್ರದ ಆಂಟೆನಾ ಸ್ಪೀಕರಿನ ಅಯಸ್ಕಾಂತದ ಹತ್ತಿರ ಬಂದರೆ ಮಂಕಾಗುತ್ತಿತ್ತು. ಅದನ್ನು ಮೇಲಿನ ಮುಚ್ಚಳಕ್ಕೆ ತಂದೆ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಯಾವ ತಂತಿಯೂ ಇಲ್ಲದೆ ಮೇಜಿನ ಮೇಲೆ ಸಾಸಿವೆಯಷ್ಟು ದೀಪ ಹೊತ್ತಿಕೊಂಡಾಗ ಇಡೀ ಶೆಡ್ಡು ಬಂದು ಸುತ್ತ ನಿಂತಿತು. ಗೌಡರು ಕೈಮುಗಿದರು.

ಆದರೆ ಹೆದರಿಕೆ ಅವತ್ತಿನಿಂದಲೇ ಶುರುವಾಯಿತು. ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನನ್ನ ಮೈಯನ್ನೇ ದಾಟಿಕೊಂಡು ಹೋಗುತ್ತಿದೆ ಎಂಬ ಯೋಚನೆ ಬಂದರೆ ಸಾಕು, ತಲೆನೋವು ಬರುತ್ತಿತ್ತು. ಲೆಕ್ಕ ಗೊತ್ತಿದ್ದವಳು ನಾನು. ಇಷ್ಟು ಶಕ್ತಿಯಿಂದ ಏನೂ ಆಗುವುದಿಲ್ಲ ಎಂದು ಕಾಗದದ ಮೇಲೆ ತೋರಿಸಬಲ್ಲೆ. ಆದರೂ ಮಧ್ಯಾಹ್ನ ಊಟಕ್ಕೆ ಕೂತಾಗ ಸ್ವಿಚ್ಚು ಆರಿಸಿದ್ದೇನೋ ಇಲ್ಲವೋ ಎಂದು ಎದ್ದು ಹೋಗಿ ನೋಡುತ್ತಿದ್ದೆ. ಅವ್ವ ಊರಲ್ಲಿ, "ಮದ್ವೆ ಆಗೋ ಎಣ್ಣು, ಅದೇನ್ ಗಾಳಿ ಕರೆಂಟೋ ಏನೋ, ದೂರ ಇರು ಕಣೆ," ಎಂದು ದಿನಕ್ಕೊಂದು ಸಲ ಹೇಳುತ್ತಿದ್ದಳು. ಡಬ್ಬದ ಬಿಡಿಭಾಗಗಳ ಜೊತೆ ಬಂದಿದ್ದ ಸೂಚನೆಯಲ್ಲಿ ಒಂದು ಎಚ್ಚರಿಕೆಯೂ ಇತ್ತು: ಎದೆಯೊಳಗೆ ಪೇಸ್‌ಮೇಕರ್ ಇರುವವರು ಇದರ ಹತ್ತಿರ ಇರಬಾರದು. ಗುಂಡಿಗೆ ನಿಧಾನವಾದಾಗ ಹೊಡೆದೆಬ್ಬಿಸಲು ಚರ್ಮದಡಿ ಇಡುತ್ತಾರಲ್ಲ, ಆ ಪುಟ್ಟ ಯಂತ್ರ.

ಪರೀಕ್ಷೆಗೆ ಇಡಲು ನಿಜವಾಗಿ ಹಾಡುವವರ ಮನೆ ಬೇಕಿತ್ತು. ಗೌಡರು ರಾಮನಾಥಪುರದ ಹತ್ತಿರದ ರುದ್ರಪಟ್ಟಣವನ್ನೇ ಆರಿಸಿದರು. ಅಲ್ಲಿ ಸಂಗೀತವಿಲ್ಲದ ಮನೆ ಹುಡುಕಬೇಕು. ಲಕ್ಷ್ಮೀಪತಯ್ಯ ಮೇಷ್ಟ್ರು ನಮ್ಮ ಹಳೆಯ ಗಿರಾಕಿ. ಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ದೊಡ್ಡ ಹೆಸರೇನಲ್ಲ. ಪ್ರತಿ ವರ್ಷ ನವರಾತ್ರಿಯಲ್ಲಿ ಹೊಳೆನರಸೀಪುರದ ಒಂದು ರಾಮಮಂದಿರದಲ್ಲಿ ಅವರ ಕಚೇರಿ ಇರುತ್ತಿತ್ತು. ವರ್ಷವೆಲ್ಲ ಅದಕ್ಕಾಗಿಯೇ ಬದುಕಿದಂತೆ ಅಭ್ಯಾಸ ಮಾಡುತ್ತಿದ್ದರು. "ಆಲಾಪನೆ ಮಧ್ಯದಲ್ಲಿ ಸೆಲ್ಲು ಸತ್ತುಹೋಗತ್ತಮ್ಮ, ಕರೆಂಟು ನಂಬೋ ಹಾಗಿಲ್ಲ," ಎಂದು ಎಷ್ಟೋ ಸಲ ದೂರಿದ್ದರು.

ಜುಲೈ ಕೊನೆಯಲ್ಲಿ ಡಬ್ಬವನ್ನು ಅವರು ಹಾಡುವ ಕೋಣೆಯ ಗೋಡೆಗೆ ನಾನೇ ಹಾಕಿದೆ. ಮೊಳೆ ಹೊಡೆಯುವ ಮೊದಲು ಕೇಳಿದೆ.

"ಮೇಷ್ಟ್ರೇ, ಮನೇಲಿ ಯಾರಿಗಾದ್ರೂ ಎದೇಲಿ ಮಿಷನ್ ಹಾಕ್ಸಿದೀರಾ? ಪೇಸ್‌ಮೇಕರ್ ಅಂತಾರಲ್ಲ?"

ಅವರು ಜೋರಾಗಿ ನಕ್ಕರು. "ನನ್ನೆದೇಲಿ ಇರೋದು ಕಾಂಬೋಧಿ ರಾಗ ಒಂದೇ ಕಣಮ್ಮ. ಹೊಡಿ ಮೊಳೆ."

ಅವರ ಹೆಂಡತಿ ಜಾನಕಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ನಗಲಿಲ್ಲ. ಅದನ್ನು ನಾನು ಆಗಲೇ ನೋಡಿದ್ದೆ. ಆದರೆ ಗಂಡನ ತಮಾಷೆಗಳನ್ನು ಕೇಳಿ ಕೇಳಿ ಸಾಕಾದ ಹೆಂಗಸು ಎಂದುಕೊಂಡೆ.

ಮೂರು ನಾಲ್ಕು ವಾರ ಎಲ್ಲ ಚೆನ್ನಾಗಿತ್ತು. ಪೆಟ್ಟಿಗೆ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು, ಮೇಷ್ಟ್ರು ಹಾಡುತ್ತಿದ್ದರು. ಗೌಡರಿಗೆ ಮಾತ್ರ ಆ ನಿಧಾನ ಸಾಲದು. "ಡಬ್ಬದ ಪವರ್ ಒಸಿ ಏರ್ಸಮ್ಮ, ಜನ ಕಾಯಾಕಿಲ್ಲ," ಎನ್ನುತ್ತಿದ್ದರು. ನಿಯಮದಲ್ಲಿ ಇರುವುದಕ್ಕಿಂತ ಒಂದು ಕೂದಲೂ ಏರಿಸುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ.

ಆಗಸ್ಟ್ ಮುಗಿಯುತ್ತಿದ್ದಾಗ, ಜೋರು ಮಳೆಯ ಒಂದು ಬೆಳಿಗ್ಗೆ, ಶೆಡ್ಡಿನ ಫೋನು ಹೊಡೆದುಕೊಂಡಿತು. ಜಾನಕಮ್ಮ. ಪಿಸುದನಿಯಲ್ಲಿ ಮಾತಾಡುತ್ತಿದ್ದರು.

"ಹೇಮಾ, ಇವರು ಹಾಡ್ತಾ ಕೂತಿದಾರೆ, ಗೊತ್ತಾಗದ ಹಾಗೆ ಮಾಡ್ತಿದೀನಿ. ಆ ಡಬ್ಬ ಬಂದಮೇಲೆ ಇವರಿಗೆ ಆಗಾಗ ಕಣ್ಣು ಕತ್ತಲೆ ಬರತ್ತೆ. ನಿನ್ನೆ ಬಚ್ಚಲಲ್ಲಿ ಕುಸಿದು ಕೂತುಬಿಟ್ಟಿದ್ರು."

"ಡಾಕ್ಟರ ಹತ್ರ ಹೋದ್ರಾ ಅಮ್ಮ?"

"ಹೋಗಲ್ಲ ಅಂತಾರೆ. ಹೇಮಾ, ಅವತ್ತು ನಿನಗೆ ಸುಳ್ಳು ಹೇಳಿದ್ರು. ಎದೇಲಿ ಮಿಷನ್ ಇದೆ. ಮೈಸೂರಲ್ಲಿ ಹಾಕ್ಸಿದ್ದು. ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ..."

"ಅಮ್ಮಾ, ಮೊದಲು ಹೋಗಿ ಆ ಡಬ್ಬದ ಸ್ವಿಚ್ಚು..." ಎನ್ನುವಷ್ಟರಲ್ಲಿ ಲೈನು ಸತ್ತುಹೋಯಿತು. ಮತ್ತೆ ಮಾಡಿದೆ. ಹೋಗಲಿಲ್ಲ. ಮತ್ತೆ, ಮತ್ತೆ. ಮಳೆಗೆ ಆ ಕಡೆಯ ಲೈನುಗಳು ಹೀಗೆ ಸಾಯುವುದು ಹೊಸದಲ್ಲ. ಅವರ ಮನೆಯಲ್ಲಿ ಮೊಬೈಲಿರಲಿಲ್ಲ. ಛತ್ರಿಯನ್ನೂ ತೆಗೆದುಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಓಡಿದೆ.

ಅರಕಲಗೂಡಿನ ಬಸ್ಸು ಅವತ್ತು ತೆವಳುತ್ತಿದೆ ಎನಿಸಿತು. ಕಣ್ಣು ಮುಚ್ಚಿದರೆ ಗೋಡೆಯ ಮೇಲಿನ ಡಬ್ಬ ಕಾಣುತ್ತಿತ್ತು, ಅದರ ಎದುರು ಚಕ್ಕಳಮಕ್ಕಳ ಹಾಕಿ ಕೂತ ಮೇಷ್ಟ್ರು, ಅವರ ಶರ್ಟಿನ ಕೆಳಗೆ ಆ ಯಂತ್ರ. ದೂರ ಸಾಕಷ್ಟಿದೆ, ಶಕ್ತಿ ಕಡಿಮೆ ಇದೆ, ಏನೂ ಆಗಲಾರದು ಎಂದು ಲೆಕ್ಕ ಹಾಕಿದೆ. ಆಮೇಲೆ ಲೆಕ್ಕದ ನಡುವೆ ಒಂದು ಅನುಮಾನ ಹೊಕ್ಕಿತು. ಹೋದ ವಾರ ಗೌಡರು ಒಬ್ಬರೇ ರುದ್ರಪಟ್ಟಣಕ್ಕೆ ಹೋಗಿ ಬಂದಿದ್ದರು. ಬಂದ ದಿನ ಬಹಳ ಖುಷಿಯಾಗಿದ್ದರು.

ಅರಕಲಗೂಡಿನಲ್ಲಿ ಇಳಿದವಳೇ ಅವರ ಮೊಬೈಲಿಗೆ ಮಾಡಿದೆ. ಪ್ಲಾಸ್ಟಿಕ್ ಪೆಟ್ಟಿಗೆಯ ಅಚ್ಚು ನೋಡಲು ಅವರು ಹೊಳೆನರಸೀಪುರದಲ್ಲಿದ್ದರು.

"ಸಾರ್, ನೀವು ಹೋದ ವಾರ ಮೇಷ್ಟ್ರ ಮನೆಗೆ ಹೋಗಿದ್ರಲ್ಲ, ಡಬ್ಬ ಬಿಚ್ಚಿದ್ರಾ?"

ಆ ಕಡೆ ಯಾವುದೋ ಮಿಷನ್ನಿನ ಸದ್ದು ಮಾತ್ರ.

"ಸಾರ್!"

"ಒಸಿ ಏರಿಸ್ದೆ ಕಣಮ್ಮ. ಒಸಿಯೇ. ಯಾಕೆ, ಏನಾರ ಆಯ್ತಾ?"

ಹೇಳಿದೆ. "ನೀನು ಓಗು, ಓಗಮ್ಮ, ನಿಂತ್ಕಬ್ಯಾಡ," ಎಂದರು. ದನಿ ಅವರದಲ್ಲವೇ ಅಲ್ಲ ಅನ್ನುವ ಹಾಗಿತ್ತು.

ರಾಮನಾಥಪುರದ ಬಸ್ಸಿನಲ್ಲಿ ಕೂತೆ. ರಸ್ತೆಯ ಎರಡೂ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಹೊಗೆಯಾಡುತ್ತಿದ್ದವು. ಮಳೆಗೆ ಆ ಹೊಗೆ ಮೇಲೇಳದೆ ನೆಲದಲ್ಲೇ ಹಬ್ಬಿ ಬಸ್ಸಿನೊಳಗೆ ತುಂಬಿತ್ತು. ಯಾರೋ ಕೆಮ್ಮಿದರು. ಎಷ್ಟು ಏರಿಸಿರಬಹುದು? ಒಸಿ ಅಂದರೆ ಎಷ್ಟು? ಆ ಮನುಷ್ಯ ಅಲ್ಲಿ ಸತ್ತು ಬಿದ್ದಿದ್ದರೆ ನಾನು ಜಾನಕಮ್ಮನ ಮುಖ ಹೇಗೆ ನೋಡಲಿ? ಪೊಲೀಸರು ಬಂದರೆ ಅಪ್ಪನಿಗೆ ಏನು ಹೇಳಲಿ? ಇಂಥ ಹೊತ್ತಿನಲ್ಲೂ ನನ್ನದೇ ಯೋಚನೆ ಬಂತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಮತ್ತೆ ಹೆದರಿಕೆ.

ರಾಮನಾಥಪುರದಿಂದ ಆಟೋ ಹಿಡಿದೆ. ಮೇಷ್ಟ್ರ ಮನೆಯ ಬೀದಿಯಲ್ಲಿ ಆಟೋ ನಿಂತಾಗ ಶ್ರುತಿಪೆಟ್ಟಿಗೆಯ ಗುಂಯ್ ಎನ್ನುವ ನಾದ ಬೀದಿಗೇ ಕೇಳುತ್ತಿತ್ತು. ಹಾಡುವ ದನಿ ಇರಲಿಲ್ಲ. ಜಗಲಿಯ ಮೇಲೆ ನಿಂತು ಕೇಳಿಸಿಕೊಂಡೆ. ಷಡ್ಜ, ಪಂಚಮ, ಷಡ್ಜ. ಅದರ ಮೇಲೆ ಯಾರೂ ಹಾಡುತ್ತಿಲ್ಲ. "ಅಮ್ಮಾ! ಮೇಷ್ಟ್ರೇ!" ಎಂದು ಕೂಗಿದೆ. ಉತ್ತರವಿಲ್ಲ. ಬಾಗಿಲು ಸುಮ್ಮನೆ ಮುಂದಕ್ಕೆಳೆದಿತ್ತು. ತಳ್ಳಿದೆ.

ಅವರು ಗೋಡೆಗೊರಗಿ ಕೂತಿದ್ದರು. ಮುಖ ಬೂದಿಯ ಬಣ್ಣ. ಹಣೆಯ ವಿಭೂತಿ ಬೆವರಿಗೆ ಇಳಿದು ರೆಪ್ಪೆಯ ಮೇಲೆ ಬಂದಿತ್ತು. ಕಣ್ಣು ಅರ್ಧ ತೆರೆದಿತ್ತು. ನಾನು ಅವರ ಹತ್ತಿರ ಹೋಗಲಿಲ್ಲ. ಮೊದಲು ಡಬ್ಬಕ್ಕೆ ಕೈಹಾಕಿ, ಪ್ಲಗ್ಗನ್ನು ಬೇರು ಕೀಳುವ ಹಾಗೆ ಕಿತ್ತೆ. ಆಮೇಲೆ ಅವರ ಮಣಿಕಟ್ಟು ಹಿಡಿದೆ.

ನಾಡಿ ಇತ್ತು. ಒಂದು ಹೊಡೆತ. ಆಮೇಲೆ ಏನೂ ಇಲ್ಲ. ನಿಂತೇಹೋಯಿತು ಎನ್ನುವ ಹೊತ್ತಿಗೆ ಇನ್ನೊಂದು.

"ಕಿತ್ತುಹಾಕಿದೀನಿ ಮೇಷ್ಟ್ರೇ, ಇನ್ನು ಸರಿಹೋಗತ್ತೆ," ಎಂದೆ. ಸರಿಹೋಗಲಿಲ್ಲ. ಕಾದೆ. ಅದೇ ನಿಧಾನ. ಆಗ ಮೇಲೆ ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ. ದೇವರ ಮನೆಯ ಬಲ್ಬು ಆರಿತ್ತು. ಮೇಷ್ಟ್ರು ನನ್ನ ನೋಟ ಹಿಡಿದು ತುಟಿ ಅಲ್ಲಾಡಿಸಿದರು.

"ರಾತ್ರಿಯಿಂದ ಕರೆಂಟಿಲ್ಲಮ್ಮ."

ಅಂದರೆ ಡಬ್ಬ ರಾತ್ರಿಯಿಂದಲೇ ಸತ್ತು ಬಿದ್ದಿತ್ತು. ಪೆಟ್ಟಿಗೆ ಹಾಡುತ್ತಿದ್ದದ್ದು ಇಷ್ಟು ದಿನ ತುಂಬಿಕೊಂಡಿದ್ದ ಬ್ಯಾಟರಿಯಲ್ಲಿ. ನನ್ನ ಯಂತ್ರ ಈಗ ಏನೂ ಮಾಡುತ್ತಿಲ್ಲ ಎಂದು ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣವೇ ಅದಕ್ಕಿಂತ ದೊಡ್ಡ ಭಯ ಬಂದು ಕೂತಿತು. ಬಸ್ಸಿನುದ್ದಕ್ಕೂ ನಾನು ಅಂದುಕೊಂಡಿದ್ದು, ಹೋಗಿ ಸ್ವಿಚ್ಚು ಆರಿಸಿದರೆ ಇವರು ಬದುಕುತ್ತಾರೆ ಎಂದು. ಆರಿಸಲು ಇನ್ನೇನೂ ಉಳಿದಿರಲಿಲ್ಲ.

ಜಾನಕಮ್ಮ ಒದ್ದೆಯಾಗಿ ಓಡಿಬಂದರು. ಹಿಂದೆಯೇ ಪಕ್ಕದ ಹೊಲದ ಪುಟ್ಟಸ್ವಾಮಿ. ಫೋನು ಸತ್ತಿದ್ದರಿಂದ ಅವರೇ ನಡೆದುಹೋಗಿ ಅವನನ್ನು ಕರೆದು ತಂದಿದ್ದರು. ಅವನು ಬ್ಯಾರನ್ನಿನ ಬೆಂಕಿಯ ಮುಂದಿನಿಂದ ಎದ್ದು ಬಂದವನು, ಮೈಯೆಲ್ಲ ಹೊಗೆಸೊಪ್ಪಿನ ವಾಸನೆ.

"ಎತ್ತಿ ಮೇಡಂ, ಕಾಲು ಇಡ್ಕಳಿ. ಓಮ್ನಿ ಬಾಗ್ಲಲ್ಲೇ ನಿಲ್ಸಿವ್ನಿ."

"ನಿಮ್ಮ ಬ್ಯಾರನ್ನು?" ಎಂದೆ. ಬೆಂಕಿ ಬಿಟ್ಟುಬಂದರೆ ಸೊಪ್ಪೆಲ್ಲ ಹಾಳಾಗುತ್ತದೆಂದು ನನಗೂ ಗೊತ್ತಿತ್ತು.

"ಎಂಡ್ತಿ ನೋಡ್ಕತಾಳೆ. ಓದ್ರೆ ಓಯ್ತದೆ, ಬುಡಿ. ಮೇಷ್ಟ್ರು ಓದ್ರೆ ಬತ್ತರಾ?"

ಮೈಸೂರಿನವರೆಗೆ ನಾನು ಆ ಮಣಿಕಟ್ಟು ಬಿಡಲಿಲ್ಲ. ಪ್ರತಿ ಹೊಡೆತಕ್ಕೂ ಇದೇ ಕೊನೆಯದು ಅನಿಸುತ್ತಿತ್ತು. ದಾರಿಯಲ್ಲಿ ಮೇಷ್ಟ್ರು ಕಣ್ಣು ಬಿಟ್ಟು, "ಯಾರಿಗೂ ಹೇಳಬೇಡ ಹೇಮಾ. ನವರಾತ್ರಿ ಒಂದು ಆಗಲಿ," ಎಂದರು.

ಅಷ್ಟು ದಿನ ದನಿಯೆತ್ತದ ಜಾನಕಮ್ಮ ಅವತ್ತು ಸಿಡಿದರು. "ಬಾಯ್ಮುಚ್ಚಿ! ಮಿಷನ್ ಇದೆ ಅಂತ ಗೊತ್ತಾದ್ರೆ ಶಾಲು ಹೊದಿಸಿ ಮೂಲೇಲಿ ಕೂರಿಸ್ತಾರೆ, ಮತ್ತೆ ಹಾಡಕ್ಕೆ ಕರಿಯಲ್ಲ ಅಂತ ನನ್ನ ಬಾಯಿಗೂ ಬೀಗ ಹಾಕಿದ್ರಿ. ಚೆಕಪ್ಪಿಗೆ ಹೋದ್ರೆ ಯಾರಾದ್ರೂ ನೋಡಿಬಿಡ್ತಾರೆ ಅಂತ ಅದನ್ನೂ ಬಿಟ್ರಿ. ಈಗ ನೋಡಿ!"

ಪುಟ್ಟಸ್ವಾಮಿ ಹಿಂದಿರುಗಿ ನೋಡಲಿಲ್ಲ. ಆಕ್ಸಿಲರೇಟರ್ ಒತ್ತಿದ ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಮೇಲೆ ಒಂದು ಬಿಲ್ಲೆಯಂಥ ಸಾಧನ ಇಟ್ಟು, ಪರದೆಯಲ್ಲಿ ಏನನ್ನೋ ಓದಿ, ನನ್ನನ್ನೂ ಜಾನಕಮ್ಮನನ್ನೂ ಹೊರಗೆ ಕರೆದರು. ಪೇಸ್‌ಮೇಕರಿನ ಬ್ಯಾಟರಿ ಮುಗಿದುಹೋಗುತ್ತಿತ್ತು. ಚೆಕಪ್ಪಿಗೆ ಬಂದಿದ್ದರೆ ತಿಂಗಳುಗಳ ಹಿಂದೆಯೇ ಗೊತ್ತಾಗುತ್ತಿತ್ತು. ನಾನು ಡಬ್ಬದ ವಿಷಯ ಒಂದನ್ನೂ ಬಿಡದೆ ಹೇಳಿದೆ. ಪವರ್ ಏರಿಸಿದ್ದನ್ನೂ ಹೇಳಿದೆ. ಅವರು ಒಳಗೆ ಹೋಗಿ ಪರದೆಯನ್ನು ಇನ್ನೊಮ್ಮೆ ನೋಡಿ ಬಂದರು.

"ಇವತ್ತಿನದು ಬ್ಯಾಟರಿ. ಹಿಂದೆ ಕಣ್ಣು ಕತ್ತಲೆ ಬಂದಿದ್ದಕ್ಕೆ ನಿಮ್ಮ ಡಬ್ಬ ಕಾರಣ ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ. ಆದರೆ ಅದು ಆ ಮನೆಯಲ್ಲಿ ಇನ್ನು ಒಂದು ದಿನವೂ ಇರಕೂಡದು."

ಅಲ್ಲ ಅಂತಲೂ ಹೇಳಲಾರೆ ಎಂಬ ಆ ಮಾತು ಎಷ್ಟೋ ವರ್ಷ ನನ್ನ ನಿದ್ದೆ ಕೆಡಿಸಿದೆ.

ಹಳೆಯದನ್ನು ತೆಗೆದು ಹೊಸ ಯಂತ್ರ ಹಾಕಿದರು. ಮರುದಿನ ವಾರ್ಡಿಗೆ ಹೋದಾಗ ಮೇಷ್ಟ್ರು ದಿಂಬಿಗೊರಗಿ ಕೂತಿದ್ದರು, ಮುಖಕ್ಕೆ ಬಣ್ಣ ಬಂದಿತ್ತು. ಗೌಡರು ನನಗಿಂತ ಮೊದಲೇ ಬಂದು ಮಂಚದ ಪಕ್ಕ ನಿಂತಿದ್ದರು. ಯಾವತ್ತೂ ಇಸ್ತ್ರಿ ಶರ್ಟಿನಲ್ಲಿರುವ ಮನುಷ್ಯ, ಅವತ್ತು ನಿನ್ನೆಯ ಬಟ್ಟೆಯಲ್ಲೇ ಇದ್ದರು.

"ಪವರ್ ಏರ್ಸಿದ್ದು ನಾನು ಸಾಮಿ. ಈ ಮಗೀಗೂ ಯೋಳ್ದೆ ಮಾಡ್ದೆ," ಎಂದರು.

"ನಾನೂ ಈ ಮಗೂಗೆ ಹೇಳದೆ ಮುಚ್ಚಿಟ್ಟಿದ್ದೆ ಗೌಡ್ರೇ. ನಾವಿಬ್ಬರೂ ಒಂದೇ," ಎಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿ, ಎದೆಯ ಮೇಲಿನ ಬ್ಯಾಂಡೇಜು ಮುಟ್ಟಿ ತೋರಿಸಿ, "ಇದಕ್ಕೇ ತಂತಿಯಿಲ್ಲದೆ ಕರೆಂಟು ತುಂಬಕ್ಕೆ ಆಗಲ್ವೇನಮ್ಮ? ಮತ್ತೆ ಮತ್ತೆ ಕುಯ್ಯೋದು ತಪ್ಪತ್ತಲ್ಲ," ಎಂದರು.

ಎಲ್ಲರೂ ನಕ್ಕರು, ನರ್ಸ್ ಕೂಡ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಹಿಂದಿನ ದಿನ ಬಾರದಿದ್ದ ಅಳುವನ್ನೆಲ್ಲ ಅತ್ತೆ.

ಗೌಡರು ಅಚ್ಚಿನ ಕೆಲಸ ನಿಲ್ಲಿಸಿದರು. ಡಬ್ಬವನ್ನು ನಾನೇ ಹೋಗಿ ಗೋಡೆಯಿಂದ ಬಿಚ್ಚಿ ತಂದೆ. ಅದು ಅಪಾಯದ್ದೆಂದು ನನಗೆ ಇವತ್ತಿಗೂ ಖಾತ್ರಿಯಿಲ್ಲ. ಆದರೆ ಯಾರದೋ ಮನೆಯ ಗೋಡೆಗೆ ಅದನ್ನು ಹೊಡೆಯುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಕೇಳಿದರೆ ಜನ ನಿಜ ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ ಅದನ್ನು ಮಾಡಿದ್ದೆವು. ಆ ವರ್ಷ ಹಳೆಯ ತಗಡಿನ ಪೆಟ್ಟಿಗೆಯನ್ನೇ ಮಾರಿದೆವು.

ಇಷ್ಟಾದರೂ ಪುಟ್ಟಸ್ವಾಮಿ ಊರಲ್ಲಿ ಬಾಯಿ ಬಿಡಲಿಲ್ಲ. ನವರಾತ್ರಿ ಬಂತು. ಡಾಕ್ಟರು ಒಂದು ಗಂಟೆ ಹಾಡಬಹುದೆಂದು ಒಪ್ಪಿದ್ದರು. ಹೊಳೆನರಸೀಪುರದ ರಾಮಮಂದಿರದಲ್ಲಿ ನಾನು ಜಾನಕಮ್ಮನ ಪಕ್ಕ, ಮುಂದಿನ ಸಾಲಿನಲ್ಲಿ ಕೂತೆ. ಮೊದಲ ಕೃತಿಯಿಂದಲೇ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಮೇಷ್ಟ್ರು ದನಿಯನ್ನು ಮೇಲಕ್ಕೆ ಒಯ್ದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಸಂಗೀತ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಮೇಷ್ಟ್ರ ಕತ್ತಿನ ನರ ನೋಡುತ್ತಾ ಕೂತಿದ್ದೆ.

ಮೂರನೆಯ ಕೃತಿ ಮುಗಿದ ಮೇಲೆ ಅವರು ಸುಮ್ಮನಾದರು. ಪಿಟೀಲಿನವರು ಕಮಾನು ಇಳಿಸಿ ಕಾದರು. ಮೇಷ್ಟ್ರು ತಲೆ ಬಗ್ಗಿಸಿ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಹಾಗೇ ಕೂತರು. ಹಿಂದೆ ಯಾರೋ ಪಿಸುಗುಟ್ಟಿದರು. ಜಾನಕಮ್ಮನ ಉಗುರು ನನ್ನ ಚರ್ಮಕ್ಕೆ ನೆಟ್ಟಿತು. ಅವರು ಅರ್ಧ ಎದ್ದರು, ನಾನೂ ಎದ್ದೆ.

ಮೇಷ್ಟ್ರು ತಲೆಯೆತ್ತಿದರು.

"ಒಂದು ಮಾತು ಹೇಳಬೇಕು," ಎಂದರು ಸಭೆಗೆ. "ಇಲ್ಲಿ ಒಂದು ಯಂತ್ರ ಇದೆ. ಹೋದ ತಿಂಗಳು ಹೊಸದು ಹಾಕ್ಸಿದೆ. ಇದಕ್ಕೆ ಮುಂಚೆನೂ ಇತ್ತು, ಎಷ್ಟೋ ವರ್ಷ ಮುಚ್ಚಿಟ್ಟಿದ್ದೆ. ಗೊತ್ತಾದ್ರೆ ನೀವು ಕರೆಯಲ್ಲ ಅಂತ ಹೆದರಿಕೆ ಇತ್ತು. ಮುಂದಿನ ವರ್ಷ ಕರೀರಿ, ಬಿಡಿ, ಅದು ನಿಮಗೆ ಸೇರಿದ್ದು." ಲೋಟದಿಂದ ಒಂದು ಗುಟುಕು ನೀರು ಕುಡಿದರು. "ಈಗ ಕಾಂಬೋಧಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೃದಂಗದವರು ತೊಡೆಯ ಮೇಲಿನ ಮೃದಂಗವನ್ನು ಸ್ವಲ್ಪ ಸರಿಸಿಕೊಂಡರು. ಮೇಷ್ಟ್ರು ಕಣ್ಣು ಮುಚ್ಚಿ, ಕೆಳಗಿನ ದನಿಯಲ್ಲಿ ಆಲಾಪನೆ ಶುರುಮಾಡಿದರು. ಜಾನಕಮ್ಮ ಮೆಲ್ಲಗೆ ಕೂತು ನನ್ನ ಕೈ ಬಿಟ್ಟರು. ಅವರ ನಾಲ್ಕು ಬೆರಳಿನ ಗುರುತು ಆ ರಾಗ ಮುಗಿಯುವವರೆಗೂ ನನ್ನ ಮಣಿಕಟ್ಟಿನ ಮೇಲೆ ಕೆಂಪಗೆ ಇತ್ತು.